ಮರ್ವಿನನ ತೋಳಿನ ಟ್ಯಾಗು

ಟೋಲ್ ಟ್ಯಾಗನ್ನು ಎಲ್ಲಿಡುವುದು ಎಂಬ ಚಿಂತೆ ಮರ್ವಿನ್ ಟಕ್‌ವೆಲ್‌ನ ನಿದ್ದೆ ಕೆಡಿಸಿತ್ತು. ಕಾರಿನವರಾದರೆ ಮುಂದಿನ ಗಾಜಿಗೆ ಅಂಟಿಸಿ ಮರೆತುಬಿಡುತ್ತಾರೆ. ಮೋಟಾರ್‌ಸೈಕಲ್ಲಿಗೆ ಗಾಜೆಲ್ಲಿಂದ ತರುವುದು? ಜೇಬಿನಲ್ಲಿಟ್ಟರೆ ಟೋಲ್ ಕಮಾನಿನ ಕೆಳಗೆ ಒಮ್ಮೆ ಸುಂಕ ಕಡಿತವಾಯಿತೆಂದು 'ಪೀಂ' ಎಂದು ಕೂಗುತ್ತಿತ್ತು, ಇನ್ನೊಮ್ಮೆ ಮೌನವ್ರತ. ಕೂಗದ ದಿನ ಕ್ಯಾಮೆರಾ ಫೋಟೋ ತೆಗೆದು ಮನೆಗೆ ನೋಟೀಸು ಕಳಿಸುತ್ತಿತ್ತು.

ಪಶ್ಚಿಮ ಸಿಡ್ನಿಯ ಅವನ ಬೈಕ್ ಸಂಘದಲ್ಲಿ ಆಗಷ್ಟೇ ನಾಯಕನ ಜಾಗ ಖಾಲಿಯಾಗಿತ್ತು. ಎಲ್ಲರಿಗಿಂತ ಮುಂದೆ ಸವಾರಿ ಮಾಡಬೇಕೆಂಬುದು ಮರ್ವಿನನ ಬಹುಕಾಲದ ಆಸೆ. ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದ ಸಂಘದ ಸದಸ್ಯ ಕ್ಲೈವ್, ಮರ್ವಿನನ ಮನೆಯಂಗಳಕ್ಕೇ ಬಂದು ಅಡ್ಡಗಾಲು ಹಾಕಿದ.

"ಒಂದು ಟ್ಯಾಗ್ ಕೂಗಿಸೋಕಾಗದೋನು ನಮ್ಮನ್ನೆಲ್ಲ ನಡೆಸ್ತಾನಂತೆ. ಭಾನುವಾರ ಸಮುದ್ರದ ಕಡೆ ಹೋಗುವಾಗ ಎರಡು ಕಮಾನು ಬರುತ್ತಲ್ಲ, ಎರಡರಲ್ಲೂ ಕೂಗಿಸು. ನೀನೇ ನಾಯಕ. ಇಲ್ಲಾಂದ್ರೆ ನಾನು."

"ಬೈಕುಗಳ ಆ ಗದ್ದಲದಲ್ಲಿ ಕೂಗಿದ್ದು ಯಾರಿಗಪ್ಪಾ ಕೇಳ್ಸುತ್ತೆ?" ಎಂದ ಮರ್ವಿನ್.

"ನನಗೆ ಕೇಳ್ಸುತ್ತೆ," ಎಂದರು ಪಕ್ಕದ ಮನೆಯ ಬೆರಿಲ್, ಬೇಲಿಯಾಚೆಯಿಂದ. ಎಪ್ಪತ್ತು ದಾಟಿದ ಈಕೆಗೆ ಹೊಸ ಶ್ರವಣಯಂತ್ರ ಬಂದಮೇಲೆ ಬೀದಿಯಲ್ಲಿ ಗುಟ್ಟೆಂಬುದೇ ಉಳಿದಿರಲಿಲ್ಲ. "ಹಿಂದಿನ ಸೀಟಲ್ಲಿ ನಾನು ಕೂತ್ಕೋತೀನಿ."

ಬೆರಿಲ್ ಸುಳ್ಳು ಹೇಳುವವರಲ್ಲ ಎಂಬುದು ಜಗಜ್ಜಾಹೀರು. ಕ್ಲೈವ್ ಒಪ್ಪಿದ.

ಭಾನುವಾರ ಬೆಳಿಗ್ಗೆ ಮರ್ವಿನನಿಗೆ ಜ್ಞಾನೋದಯವಾಯಿತು. ಟ್ಯಾಗು ಬಿಸಿಲಿಗೆ ಕಾದು ಕೆಡುತ್ತಿದೆ, ಅದನ್ನು ತಣ್ಣಗಿಡಬೇಕು. ಬಿಯರ್ ತಣ್ಣಗಿಡುವ ಚೀಲದ ಬೆಳ್ಳಿ ಬಣ್ಣದ ಒಳಪದರ ಕತ್ತರಿಸಿ, ಜಾಕೆಟ್ಟಿನ ತೋಳಿಗೆ ಜೇಬು ಹೊಲಿಸಿದ.

"ಒಳ್ಳೇ ಚೀಲ ಹಾಳು ಮಾಡಿದ್ರಿ," ಎಂದು ಗೊಣಗುತ್ತಲೇ ಹೆಂಡತಿ ನೊರೀನ್ ದಾರ ಕಡಿದಳು.

ಬೆರಿಲ್ ಆ ಜೇಬನ್ನು ಮುಟ್ಟಿ ನೋಡಿದರು. "ಭಲೇ ತಲೆ ಕಣಯ್ಯ ನಿಂದು," ಎಂದು ದೊಡ್ಡ ಕೈಚೀಲವನ್ನು ಅಪ್ಪಿಕೊಂಡು ಹತ್ತಿ ಕೂತರು.

"ಚೀಲ ಇಲ್ಲೇ ಬಿಟ್ಟು ಬನ್ನಿ ಬೆರಿಲ್," ಎಂದ ಮರ್ವಿನ್.

"ಕಳ್ಳರ ಕಾಲ. ಕಾರಲ್ಲೂ ನಾನೊಂದು ಕಡ್ಡಿ ಬಿಡಲ್ಲ, ಎಲ್ಲಾ ಇದರೊಳಗೇ."

ದಾರಿಯುದ್ದಕ್ಕೂ ಅವರದೇ ದರ್ಬಾರು. "ಎಡಕ್ಕೆ ತಗೋ." "ಆ ಲಾರಿ ಹಿಂದೆ ಯಾಕೆ ತೆವಳ್ತೀಯ?" ಅವರ ಸ್ಕಾರ್ಫು ಹಾರಿ ಮರ್ವಿನನ ಹೆಲ್ಮೆಟ್ಟಿಗೆ ಸುತ್ತಿಕೊಂಡು, ಮೊದಲ ಕಮಾನನ್ನು ಅವನು ಒಂದೇ ಕಣ್ಣಿನಲ್ಲಿ ದಾಟಿದ. "ಕೂಗ್ತು," ಎಂದರು ಬೆರಿಲ್. ಎರಡನೆಯದರಲ್ಲೂ "ಕೂಗ್ತು" ಎಂದರು. ಮರ್ವಿನನ ಎದೆ ಹಿಗ್ಗಿ ಜಾಕೆಟ್ಟು ಬಿಗಿಯಾಯಿತು. ತಿರುವುಗಳಲ್ಲಿ ಮಾತ್ರ ಆ ಅಜ್ಜಿ ಬೈಕಿನ ಜೊತೆಗೇ ಬಾಗುತ್ತಿದ್ದ ಚೆಂದ ಕಂಡು ಸಂಘದವರೆಲ್ಲ ಬೆರಗಾದರು.

ಸಮುದ್ರತೀರದಲ್ಲಿ ಪೈ ಎಂಬ ಮಾಂಸದ ಕಡುಬು ಮಾರುವ ಅಂಗಡಿಯ ಮುಂದೆ ಕ್ಲೈವ್ ಕೇಳಿದ, "ಬೆರಿಲ್, ನಿಜ ಹೇಳಿ. ಎರಡು ಸಲವೂ ಕೂಗ್ತಾ?"

"ಎರಡು ಸಲವೂ ಕೂಗ್ತು."

ಕ್ಲೈವ್ ಮುಖ ಹುಳ್ಳಗೆ ಮಾಡಿಕೊಂಡು ನಾಯಕನ ಕೆಂಪು ಪಟ್ಟಿಯನ್ನು ಮರ್ವಿನನ ತೋಳಿಗೆ ಕಟ್ಟಿದ. ಉಳಿದವರೆಲ್ಲ ಪೈ ತಿನ್ನಲು ಒಳಗೆ ಹೋದರು; ಮರ್ವಿನ್, ಬೆರಿಲ್ ಇಬ್ಬರೇ ಬೈಕಿನ ಬಳಿ ಉಳಿದರು.

ಬೆರಿಲ್ ಕರವಸ್ತ್ರಕ್ಕಾಗಿ ಚೀಲ ತಡಕಿದರು. ಮೊದಲು ಟಾರ್ಚು ಬಂತು, ಆಮೇಲೆ ಛತ್ರಿ, ಅದರ ಹಿಂದೆಯೇ ಅವರ ಕಾರಿನ ಟೋಲ್ ಟ್ಯಾಗು.

ಮರ್ವಿನ್ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಹಾಗಾದ್ರೆ ಕೂಗಿದ್ದು..."

"ಯಾರದ್ದು ಅಂತ ಕ್ಲೈವ್ ಕೇಳಲಿಲ್ಲವಲ್ಲ. ಟ್ಯಾಗು ಅಂಚೆಯಲ್ಲಿ ಬರುವಾಗ ಬೆಳ್ಳಿ ಲಕೋಟೆಯಲ್ಲಿ ಬರುತ್ತೆ, ದಾರೀಲಿ ಕೂಗದೇ ಇರಲಿ ಅಂತ. ನೀನು ಅಂಥದೇ ಬೆಳ್ಳಿ ಪದರದಲ್ಲಿ ಜೇಬು ಹೊಲಿಸಿದ್ದೀಯ, ನಿಂದು ಹೇಗೆ ಕೂಗುತ್ತೆ?"

"ಬೆಳಿಗ್ಗೆನೇ ಹೇಳಬಾರದಿತ್ತಾ?"

"ಹೇಳಿದ್ರೆ ನನ್ನನ್ನ ಕರ್ಕೊಂಡು ಬರ್ತಿದ್ಯಾ? ನಮ್ಮೆಜಮಾನರು ಹೋದಮೇಲೆ ಇವತ್ತೇ ಬೈಕ್ ಹತ್ತಿದ್ದು. ಎಷ್ಟು ಸುಖವಾಯ್ತು ಗೊತ್ತಾ." ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಕ್ಲೈವ್ ಇನ್ನೊಂದು ಸಲ ಕೇಳಿದ್ರೆ ಮಾತ್ರ ಸುಳ್ಳು ಹೇಳೋಕೆ ನನ್ನಿಂದಾಗಲ್ಲ ಕಣಪ್ಪ. ಪ್ರತಿ ಭಾನುವಾರ ನಿನ್ನ ಹಿಂದೆನೇ ಕೂತಿದ್ರೆ ಅವನ ಹತ್ತಿರ ಮಾತಾಡೋಕೆ ಪುರುಸೊತ್ತೆಲ್ಲಿರುತ್ತೆ?"

ಮುಂದಿನ ಭಾನುವಾರ ನಾಯಕ ಮರ್ವಿನ್ ಟಕ್‌ವೆಲ್ ಗುಂಪಿನ ಮುಂದೆ ಹೊರಟ. "ಎಡಕ್ಕೆ ತಗೋ," ಎಂದರು ಬೆರಿಲ್. ನಾಯಕ ಎಡಕ್ಕೆ ತೆಗೆದುಕೊಂಡ.