ಮುಳ್ಳು ನಡುವೆ ನಿಲ್ಲಬೇಕು

ನಮ್ಮ ಸೋದರಮಾವ ಇಡೀ ಶಿಡ್ಲಘಟ್ಟದಲ್ಲೇ ದೊಡ್ಡ ಪಿಟೀಲು ವಿದ್ವಾಂಸರು. ಅವರು ನುಡಿಸಿದ್ದನ್ನು ಯಾರೂ ಕೇಳಿಲ್ಲ, ಅಷ್ಟೆ! ಎಲ್ಲರೂ ಕೇಳಿರುವುದು ಶ್ರುತಿ ಮಾಡುವುದನ್ನು.

ತೊಂಬತ್ತರ ದಶಕದಲ್ಲಿ ಅವರು ಬೆಂಗಳೂರಿನಿಂದ ಒಂದು ಡಿಜಿಟಲ್ ಟ್ಯೂನರ್ ತಂದರು. ತಂತಿ ಮೀಟಿದರೆ ಅದರ ಪರದೆಯಲ್ಲೊಂದು ಮುಳ್ಳು ಓಲಾಡುತ್ತದೆ. ಸ್ವರ ಸರಿಯಿದ್ದರೆ ಮುಳ್ಳು ನಡುವೆ ನಿಂತು ಹಸಿರು ದೀಪ; ತಪ್ಪಿದರೆ ಕೆಂಪು. ಆಮೇಲೆ ಆ ಮನೆಯಲ್ಲಿ ಹಸಿರು ಕಂಡವರಿಲ್ಲ. ಕುಕ್ಕರ್ ವಿಷಲ್ ಕೆಂಪು, ಗೇಟಿನ ಕಿರ್ರೆನ್ನುವ ಸದ್ದು ಕೆಂಪು, ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ನನ್ನ ಆಕಳಿಕೆಯೂ ಕೆಂಪು!

ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಮೋಟರು ಗುಂಯ್‌ಗುಡುತ್ತಿತ್ತು. ಮಾವ ಅಲ್ಲಿಗೂ ಹೋದರು. "ಭಾಯ್, ನಿಮ್ಮ ಮೋಟ್ರು ಒಂಚೂರು ಇಳಿದಿದೆ."

"ನೂಲು ಬರ್ತಾ ಇದೆಯಲ್ಲ ಸ್ವಾಮಿ, ರಾಗ ಯಾಕೆ?"

ರಾಮಮಂದಿರದ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಟ್ಯೂನರ್ ಪೆಟ್ಟಿಗೆ ಹಿಡಿದರು. ನುಡಿಸುತ್ತಿದ್ದ ಮುದುಕರು ಕೈ ನಿಲ್ಲಿಸಿ, "ಇಷ್ಟು ವರ್ಷ ರಾಮುಡೇ ಸುಮ್ಮನಿದಾನೆ, ನಿನಗೇನಪ್ಪಾ ಕಷ್ಟ?" ಎಂದರು. ಮುಂದಿನ ಶನಿವಾರದಿಂದ ಭಜನೆ ಬೇರೆ ಬೀದಿಗೆ ಹೋಯಿತು. ನಮ್ಮನ್ನು ಕರೆಯಲಿಲ್ಲ.

ಕೊನೆಗೆ ಪೆಟ್ಟಿಗೆ ಅಡುಗೆಮನೆಗೆ ಬಂತು. ಅತ್ತೆ ಅಕ್ಕಿ ತೊಳೆಯುತ್ತಾ ಹಾಡುತ್ತಿದ್ದಳು.

"ಎರಡು ಸ್ವರದ ಸಂದೀಲಿ ಕೂತಿದೀಯ ಕಣೇ! ಆಕಡೆಗಾದ್ರೂ ಹೋಗು, ಈಕಡೆಗಾದ್ರೂ ಬಾ!"

"ಇದೇನ್ರೀ, ಚಿಂತಾಮಣಿ ಬಸ್ಸಿನ ಸೀಟಾ?"

ಎಲ್ಲರೂ ನಕ್ಕೆವು. ಅತ್ತೆ ಹಾಡುವುದನ್ನು ಬಿಟ್ಟಳು. ಮಾವನಿಗೆ ಅದು ಗೊತ್ತೇ ಆಗಲಿಲ್ಲ. "ಶ್ರುತಿ ಒಂದು ಕೂತುಬಿಡಲಿ, ಆಮೇಲೆ ನೀನು ಹಾಡು, ನಾನು ನುಡಿಸ್ತೀನಿ" ಎಂದು ದಿನವೂ ತಂತಿಯ ಬಿರಡೆ ತಿರುಗಿಸುತ್ತಲೇ ಇದ್ದರು. ಕೂತರೆ ತಾನೇ! ಮಳೆ ಬಂದರೆ ತಂತಿ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ. ಇಂಥ ಮನೆಯಲ್ಲಿ ಮನುಷ್ಯ ಬದುಕುವುದು ಹೇಗೆ?

ಅಷ್ಟರಲ್ಲಿ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ದಿನಾ ಸ್ವಲ್ಪ ಹಾಡಿಸಿ, ಇಲ್ಲದಿದ್ದರೆ ಇರುವ ದನಿಯೂ ಹೋಗುತ್ತದೆ ಎಂದರು ಚಿಕ್ಕಬಳ್ಳಾಪುರದ ಡಾಕ್ಟರು. ಅತ್ತೆ ಒಪ್ಪಲಿಲ್ಲ. "ಕೆಂಪು ದೀಪ ಹತ್ತತ್ತೆ, ಬಿಡ್ರೀ" ಎಂದು ಪಿಸುಗುಟ್ಟಿದಳು.

ಮಾವ ಟ್ಯೂನರಿನ ಸೆಲ್ಲು ಕಿತ್ತು ಗೋಡೆ ಗಡಿಯಾರಕ್ಕೆ ಹಾಕಿದರು. ಪಿಟೀಲು ತಂದು ಅಡುಗೆಮನೆಯ ನೆಲದ ಮೇಲೆ ಕೂತರು.

"ಹಾಡೇ."

"ದನಿ ಎಲ್ಲಿದೆ?"

"ಇರೋಷ್ಟು ಸಾಕು."

ಹರಿದ ಬಟ್ಟೆಯಂಥ ಒಂದು ಸ್ವರ ಬಂತು. ಮಾವ ಬಿರಡೆ ಸಡಿಲಿಸಿದರು. ನನ್ನ ನೆನಪಿನಲ್ಲಿ ಆಗ ಹಸಿರು ದೀಪ ಹತ್ತುತ್ತದೆ. ಸೆಲ್ಲೇ ಇಲ್ಲದ ಪೆಟ್ಟಿಗೆಯಲ್ಲಿ ದೀಪವೆಲ್ಲಿಂದ ಬರಬೇಕು? ಈ ನೆನಪನ್ನು ನಂಬಬೇಡಿ. ಆವತ್ತೂ ಮಾವ ನುಡಿಸಲಿಲ್ಲ, ಅದು ಮಾತ್ರ ನಿಜ. ಅತ್ತೆಯ ದನಿ ಜಾರಿದಂತೆಲ್ಲ ಬಿರಡೆ ಇಳಿಸುತ್ತಲೇ ಹೋದರು. ತಂತಿ ದಾರದಂತೆ ಜೋಲತೊಡಗಿತು.

"ಎಷ್ಟು ಬೇಕೋ ಅಷ್ಟು ಇಳಿಯೇ," ಎಂದರು, "ನಾನು ಬರ್ತಾ ಇದೀನಿ."