ನಾಲ್ಕೂ ಕಡೆ ಸಮುದ್ರ, ಸ್ನಾನಕ್ಕೆ ನೀರಿಲ್ಲ!

ವೈಶಾಖ ಅಮಾವಾಸ್ಯೆ, ಶನಿವಾರ. ಬೆಳಗಿನ ಐದು ಗಂಟೆ. ಸ್ಥಳ: ಕೊಂಕಣ ದಂಡೆಯ ಅಲಿಬಾಗದ ಒಂದು ಖಾನಾವಳಿಯ ಹಿಂದಿನ ಕೋಣೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ರಾಧಾಬಾಯಿ, ಮಗಳ ಮಕ್ಕಳಾದ ಶೀನು, ವಯಸ್ಸು ಒಂಬತ್ತು, ಕುಸುಮ, ಏಳು, ಗುಂಡು, ನಾಲ್ಕು. ಎಚ್ಚರವಿದ್ದವರು: ನಾನೊಬ್ಬನೇ.

ಸೀಟಿ ಊದಿದೆ.

ಮಕ್ಕಳು ಎದ್ದರು. ಪಕ್ಕದ ಕೋಣೆಯ ಪ್ರವಾಸಿಗಳೂ ಎದ್ದರು. ಖಾನಾವಳಿಯ ಒಡತಿ ಕಾಕೂ ಒಲೆಯ ಊದುಗೊಳವೆ ಹಿಡಿದು ಓಡಿ ಬಂದು, ಪೊಲೀಸರು ಬಂದರೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಪುಣೆಯ ಒಂದು ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕವಾಯಿತಿನ ಮಾಸ್ತರನಾಗಿದ್ದವನೆಂದೂ, ಸೀಟಿ ಇಲ್ಲದೆ ನನ್ನ ಮನೆಯಲ್ಲಿ ಬೆಳಗಾಗುವುದಿಲ್ಲವೆಂದೂ ವಿನಯದಿಂದ ತಿಳಿಸಿದೆ. ಕಾಕೂ ನನ್ನ ಹೆಂಡತಿಯ ಕಡೆಗೆ ನೋಡಿದ ನೋಟದಲ್ಲಿ ಬಹಳ ಮರುಕವಿತ್ತು.

ಈ ಪ್ರವಾಸಕ್ಕೆ ಮೂಲ ನಾನು ಮದುವೆಯಾದ ಹೊಸದರಲ್ಲಿ ಕೊಟ್ಟ ಒಂದು ಮಾತು. ಗಂಡಹೆಂಡತಿ ಕೈ ಹಿಡಿದು ಸಮುದ್ರದಲ್ಲಿ ಮೂರು ಮುಳುಗು ಹಾಕಬೇಕೆಂಬುದು ಅವಳ ಆಸೆ. ಧಾರವಾಡದಲ್ಲಿ ಸಮುದ್ರವಿಲ್ಲ, ಪುಣೆಯಲ್ಲಿ ಇರುವುದು ಮುಠಾ ನದಿಯೊಂದೇ. ಹೀಗಾಗಿ ಮಾತು ಕೊಡುವುದು ಸುಲಭವಾಗಿತ್ತು. ಅದಲ್ಲದೆ ಸಮುದ್ರವೇನು ಮನೆಯ ಬಚ್ಚಲಲ್ಲ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನದ ಹೊರತು ಅದನ್ನು ಮುಟ್ಟಲೇಬಾರದೆಂದು ನಮ್ಮ ಹಿರಿಯರ ಕಟ್ಟಪ್ಪಣೆ. ನನ್ನ ರಜೆಗಳು ಪಾಡ್ಯ, ಬಿದಿಗೆಗಳಲ್ಲಿಯೇ ಬರುತ್ತಿದ್ದವು. ಹಾಗೆ ಮೂವತ್ತೆರಡು ವರ್ಷ ಕಳೆದವು.

ಈ ಬೇಸಿಗೆಯಲ್ಲಿ ಮಕ್ಕಳು ಧಾರವಾಡದಿಂದ ಬಂದಾಗ ರಾಧಾಬಾಯಿ ಒಂದೇ ಮಾತು ಹೇಳಿದಳು: "ಈ ಅಮಾಸಿಗೆ ಆಗ್ಲಿಲ್ಲಂದ್ರ ಇನ್ನ ಆ ಮಾತು ತಗೀಬ್ಯಾಡ್ರಿ. ಈ ಜನ್ಮಕ್ಕ ಮುಠಾ ನದೀನೇ ನನ್ನ ಸಮುದ್ರ ಅಂತ ತಿಳಕೋತೀನಿ."

ಸಿಟ್ಟಿನಿಂದ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಅಕ್ಕಿ ಆರಿಸುತ್ತ, ತಣ್ಣಗೆ ಹೇಳಿದಳು. ಆ ಸಂಜೆಯೇ ವೇಳಾಪತ್ರಿಕೆ ಬರೆಯಲು ಕುಳಿತೆ.

ವೇಳಾಪತ್ರಿಕೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಪಂಚಾಂಗ ಎದುರಿಗಿಟ್ಟುಕೊಂಡೇ ಬರೆದಿದ್ದೆ. ಅಮಾವಾಸ್ಯೆ ಮುಗಿಯುವುದು ಮಧ್ಯಾಹ್ನ ನಾಲ್ಕೂಕಾಲಿಗೆ. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಆದ್ದರಿಂದ ಏಳೂವರೆಯಿಂದ ಎಂಟೂಕಾಲು, ಸಮುದ್ರಸ್ನಾನ. ಎಂಟೂಕಾಲರಿಂದ ಎಂಟೂವರೆ, ಸಮುದ್ರವೀಕ್ಷಣೆ. ಎಂಟೂವರೆಗೆ ಚಿಪ್ಪು ಆರಿಸುವುದು, ಮಗುವಿಗೆ ಮೂರರಂತೆ. ಎಂಟೂಮುಕ್ಕಾಲಿಗೆ ಆನಂದ.

ಪಕ್ಕದ ಮನೆಯ ಸಾಠೆಬಾಯಿ ಕೊಂಕಣದವರು. ವೇಳಾಪತ್ರಿಕೆ ನೋಡಿ ಅವರು, "ಮಾಸ್ತರ, ಭರತಿ-ಓಹೋಟಿ ನೋಡಿದಿರೇನು? ಸಮುದ್ರದ ನೀರು ದಿನಕ್ಕೆರಡು ಸಲ ಏರುತ್ತದೆ, ಇಳಿಯುತ್ತದೆ. ಅಲ್ಲಿಯ ಕೋಳಿಗಳನ್ನು ಕೇಳಿ ಹೋಗಿರಿ" ಎಂದು ಮರಾಠಿಯಲ್ಲಿ ಎಚ್ಚರಿಸಿದರು. ಅವರು ಕೋಳಿಗಳೆಂದದ್ದು ಕೊಂಕಣದ ಬೆಸ್ತರನ್ನು. ಪಂಚಾಂಗ ತಿಳಿದ ನಾನು ಬೆಸ್ತರನ್ನು ಕೇಳಬೇಕೆ? ಹಲ್ಲಿ ಬಿದ್ದರೆ ಏನು ಫಲವೆಂಬುದನ್ನು ಸಹ ಹೇಳುವ ಪಂಚಾಂಗವು ಇಡೀ ಸಮುದ್ರ ಬೀಳುವ ಏಳುವ ಸಂಗತಿಯನ್ನು ಮುಚ್ಚಿಟ್ಟೀತೆ? ಮುಠಾ ನದಿಯ ದಂಡೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ನೀರು ಏರುವುದು ಮಳೆಗಾಲದಲ್ಲಿ!

ಹೀಗೆಂದು ಸಾಠೆಬಾಯಿಗೆ ತಿಳಿಹೇಳಿ, ಮರುದಿನ ಮೋಟಾರು ಹಿಡಿದು, ಲೋಣಾವಳೆಯ ಘಾಟಿನಲ್ಲಿ ಮೂವರು ಮಕ್ಕಳ ವಾಂತಿಯನ್ನು ಸರದಿಯ ಪ್ರಕಾರ ಮಾಡಿಸಿಕೊಂಡು, ಅಲಿಬಾಗ ಸೇರಿದ್ದೆವು.

ಶನಿವಾರ ಸರಿಯಾಗಿ ಏಳೂ ಇಪ್ಪತ್ತೆಂಟಕ್ಕೆ ನಮ್ಮ ಸಾಲು ದಂಡೆಗೆ ಬಂತು. ಮುಂದೆ ನಾನು. ಹಿಂದೆ ಎತ್ತರದ ಕ್ರಮದಲ್ಲಿ ಮಕ್ಕಳು. ಕೊನೆಗೆ ಒಣಬಟ್ಟೆ ಮತ್ತು ದಶಮಿರೊಟ್ಟಿಯ ಗಂಟು ಹೊತ್ತ ರಾಧಾಬಾಯಿ. ಹಾಲಿನಲ್ಲಿ ಕಲಸಿದ ದಶಮಿ ಎರಡು ದಿನ ಕೆಡುವುದಿಲ್ಲ, ಮೈಲಿಗೆಯೂ ಇಲ್ಲ; ಅದೂ ಲೆಕ್ಕ ಹಾಕಿಯೇ ಕಟ್ಟಿಸಿದ್ದು.

"ನಿಲ್ಲ್! ಬಲಕ್ಕೆ ತಿರುಗ್! ಸಮುದ್ರ ನೋಡ್!"

ಮಕ್ಕಳು ನೋಡಿದರು. ಬಹಳ ಹೊತ್ತು ನೋಡಿದರು.

"ಅಜ್ಜಾ, ಎಲ್ಲೈತಿ?" ಎಂದ ಶೀನು.

ಸಮುದ್ರವಿರಲಿಲ್ಲ! ಕಣ್ಣು ಹಾಯುವವರೆಗೆ ಕಪ್ಪು ಒದ್ದೆ ಮರಳು. ಅಲ್ಲಲ್ಲಿ ಓಡಾಡುವ ಏಡಿಗಳು. ಮರಳಿನ ಆಚೆ, ನೀರಿನಲ್ಲಿರಬೇಕಾದ ಹಳೆಯ ಕೋಟೆ ನೆಲದ ಮೇಲೆಯೇ ನಿಂತಿತ್ತು. ಅದರ ಆಚೆಗೆ ಎಲ್ಲೋ ಬೆಳ್ಳಗೆ ಒಂದು ಗೆರೆ.

"ಏನ್ರಿ," ಎಂದಳು ರಾಧಾಬಾಯಿ, "ನೀವು ಬರ್ತೀರಂತ ಗೊತ್ತಾಗಿ ಓಡಿ ಹೋಗೇದೇನು?"

ಕವಾಯಿತಿನ ಮಾಸ್ತರ ಇಂಥದಕ್ಕೆ ಹೆದರುವುದಿಲ್ಲ. ಗಂಟನ್ನು ಹೊತ್ತುಕೊಂಡು ಕೆಸರಿನಲ್ಲಿ ನಡೆಯುವುದು ಅವಿವೇಕ. ಅದನ್ನು ಬಯಲ ನಡುವಿನ ಒಂದು ಬಂಡೆಯ ಮೇಲಿಟ್ಟು, ಬಿಸಿಲು ತಾಗದಂತೆ ಮೇಲೆ ಛತ್ರಿ ಬಿಚ್ಚಿ ಸಿಕ್ಕಿಸಿ, "ಸಮುದ್ರದ ಕಡೆಗೆ, ನಡೀ!" ಎಂದೆ.

ಮಗುವಿಗೆ ಮೂರು ಚಿಪ್ಪೆಂದು ನಾನು ಗೊತ್ತುಮಾಡಿದ್ದು ಮಕ್ಕಳಿಗೆ ಒಪ್ಪಿಗೆಯಾಗಲಿಲ್ಲ. ಶೀನು ಟೊಪ್ಪಿಗೆಯ ತುಂಬ ಆರಿಸಿದ. ಕುಸುಮ ಲಂಗದ ತುಂಬ. ಗುಂಡು ಒಂದು ಏಡಿಯನ್ನು ಸಾಲಿಗೆ ಸೇರಿಸಿಕೊಳ್ಳಬೇಕೆಂದು ಹಟ ಹಿಡಿದು ಕುಳಿತ. ಅದು ಅಡ್ಡಡ್ಡ ನಡೆಯುವ ಪ್ರಾಣಿ, ಕವಾಯಿತಿಗೆ ಯೋಗ್ಯವಲ್ಲವೆಂದು ಒಪ್ಪಿಸುವಷ್ಟರಲ್ಲಿ ಹನ್ನೆರಡು ನಿಮಿಷ ಹೋಯಿತು. ಕೋಟೆಯ ಬಾಗಿಲನ್ನು ದಾಟಿ, ಬಂಡೆಗಳನ್ನು ಬಳಸಿ, ಕೊನೆಗೆ ಒಂದು ಮೊಣಕಾಲು ನೀರು ಕಂಡಾಗ ರಾಧಾಬಾಯಿಯ ಮುಖ ಅರಳಿತು. ಸೆರಗು ಕಟ್ಟಿ ಕೈ ಚಾಚಿದಳು.

"ಬರ್ರಿ, ಹಿಡೀರಿ ಕೈ."

ನಾನು ಕೈಯನ್ನು ನೋಡಲಿಲ್ಲ. ಗಡಿಯಾರ ನೋಡಿದೆ. ಒಂಬತ್ತು ಹೊಡೆದು ಒಂದು ನಿಮಿಷ!

"ರಾಹುಕಾಲ ಸುರು ಆತು. ಈಗ ಬ್ಯಾಡ."

"ಒಂದ ನಿಮಿಷ ಆಗೇದರಿ! ರಾಹುಗೇನು ನಿಮ್ಮಂಗ ಗಡಿಯಾರ ಅದ ಏನು?"

"ಮೂವತ್ತೆರಡು ವರ್ಷ ತಡದೀ. ಇನ್ನ ಒಂದೂವರೆ ತಾಸು ತಡಕೊಳಾಕ ಆಗೂದಿಲ್ಲೇನು?"

ಅವಳು ಚಾಚಿದ ಕೈಯಿಂದಲೇ ಕಟ್ಟಿದ ಸೆರಗು ಬಿಚ್ಚಿ, ತಿರುಗಿ, ಕೋಟೆಯ ಕಡೆಗೆ ನಡೆದಳು. ಅವಳ ಆ ನಡಿಗೆಯನ್ನು ನಾನು ಶಿಸ್ತೆಂದು ಭಾವಿಸಿದೆ!

ಕೋಟೆಯೊಳಗೆ ಗಣಪತಿಯ ಗುಡಿ. ಎದುರಿಗೆ ಸಿಹಿನೀರಿನ ಕೊಳ. ಮಕ್ಕಳನ್ನು ಕಟ್ಟೆಯ ಮೇಲೆ ಎತ್ತರದ ಕ್ರಮದಲ್ಲಿ ಕೂಡಿಸಿ ಹತ್ತೂವರೆಯವರೆಗೆ ಕಾದೆ. ಸರಿಯಾದ ಹೊತ್ತಿಗೆ ಸೀಟಿ ಊದಿ, ಸಾಲು ಕಟ್ಟಿ, ಕೋಟೆಯ ಬಾಗಿಲಿಗೆ ಬಂದೆವು.

ಬಾಗಿಲಲ್ಲಿ ಸಮುದ್ರ ನಿಂತಿತ್ತು.

ನಡೆದು ಬಂದ ದಾರಿ ಇಲ್ಲ. ಬಯಲಿಲ್ಲ. ಏಡಿಗಳ ಊರು ಮುಳುಗಿ ಹೋಗಿತ್ತು. ಎಡಕ್ಕೆ ನೀರು, ಬಲಕ್ಕೆ ನೀರು, ಎದುರಿಗೆ ಅಲಿಬಾಗದ ತೆಂಗಿನ ಮರಗಳವರೆಗೆ ನೀರೇ ನೀರು. ಅಲೆಗಳು ಗೋಡೆಗೆ ಅಪ್ಪಳಿಸಿ ನಮ್ಮ ಮೋರೆಗೆ ಎರಚುತ್ತಿದ್ದವು.

"ಬಂತ್ರೀ ಸಮುದ್ರ! ಇಳೀರಿ, ಇಳೀರಿ!" ಎಂದು ರಾಧಾಬಾಯಿ ಮತ್ತೆ ಸೆರಗು ಕಟ್ಟಿದಳು.

ಅಷ್ಟರಲ್ಲಿ ಗುಡಿಯ ಪೂಜಾರಿ ಕೂಗುತ್ತ ಓಡಿ ಬಂದರು. "ಅಹೋ, ಉತರೂ ನಕಾ!" ಇಳಿಯಬೇಡಿರೆಂದು ಕೈ ಅಡ್ಡ ಹಿಡಿದರು. ಕೆಳಗೆಲ್ಲ ಬಂಡೆ, ಅಮಾವಾಸ್ಯೆಯ ಭರತಿ ಎಂದರೆ ಎಲ್ಲಕ್ಕಿಂತ ದೊಡ್ಡದು, ಕಾಲಿಟ್ಟರೆ ತಲೆ ಒಡೆದೀತು. ದಂಡೆಗೆ ಹೋಗಲು ನಾಲ್ಕು ಗಂಟೆಯ ಸುಮಾರಿಗೆ ಕುದುರೆಗಾಡಿ ಬಂದೀತು. ಇದು ಇಲ್ಲಿಯ ಹಸುಗೂಸಿಗೂ ಗೊತ್ತು, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದರು.

ರಾಧಾಬಾಯಿ ನನ್ನನ್ನು ನೋಡಿದಳು. ಸಾಠೆಬಾಯಿಯ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

"ಅಜ್ಜಾ," ಎಂದ ಶೀನು, ಗೋಡೆಯ ಕಿಂಡಿಯಿಂದ ನೋಡುತ್ತ, "ನಿಮ್ಮ ಛತ್ರಿ ಈಸಾಡಾಕ್ಹತ್ತೈತಿ."

ಹೌದು! ಬಿಚ್ಚಿದ ಛತ್ರಿ ಅಲೆಗಳ ಮೇಲೆ ಗಂಭೀರವಾಗಿ ತಿರುಗುತ್ತ ದಂಡೆಯ ಕಡೆಗೆ ಸಾಗಿತ್ತು. ಹಿಂದೆಯೇ, ಶಿಸ್ತಿನ ಸಿಪಾಯಿಯಂತೆ, ನಮ್ಮ ಗಂಟು. ನಾನು ಸೀಟಿ ಊದಿದೆ. ಸಮುದ್ರ ನಿಲ್ಲಲಿಲ್ಲ. ಎರಡು ಸಲ ಊದಿದೆ.

"ಗಂಟು ದಂಡಿಗೆ ಮುಟ್ಟಿತು!" ಎಂದು ಶೀನು ವರದಿ ಕೊಟ್ಟ. "ಮೂರು ನಾಯಿ ಬಂದ್ವು... ಗಂಟು ಬಿಚ್ಚಿದ್ವು... ಅಜ್ಜಾ, ದಶಮಿ ಭಾಳ ರುಚಿ ಆಗಿರಬೇಕು."

ಸಮುದ್ರವೀಕ್ಷಣೆಗೆ ಹದಿನೈದು ನಿಮಿಷ ಸಾಕೆಂದು ನಾನು ಬರೆದಿದ್ದೆನಷ್ಟೆ? ಐದೂವರೆ ತಾಸು ವೀಕ್ಷಿಸಿದೆವು! ಪೂಜಾರಿ ಕೊಟ್ಟ ತೆಂಗಿನಕಾಯಿ, ಬೆಲ್ಲವೇ ಊಟ. ಮಕ್ಕಳು ಕೋಟೆಯ ತುಂಬ ಓಡಾಡಿ ತೋಪು ಹಾರಿಸಿದರು, ವೈರಿಗಳನ್ನು ಕೊಂದರು, ಇನ್ನು ಪುಣೆಗೆ ಬರುವುದೇ ಇಲ್ಲವೆಂದು ಸಾರಿದರು. ನಾನು ಗಡಿಯಾರ ಹಿಡಿದು ಕುಳಿತೆ. ಒಂದು ಗಂಟೆ. ಎರಡು. ಮೂರು. ನಾಲ್ಕೂ ಕಡೆ ಸಮುದ್ರ, ಸ್ನಾನಕ್ಕೆ ನೀರಿಲ್ಲ! ಅಮಾವಾಸ್ಯೆ ಮಾತ್ರ ತಪ್ಪದೆ ಕರಗುತ್ತಿತ್ತು.

"ಹುಣ್ಣಿವಿಗೆ ಮತ್ತ ಬರೋಣಂತ," ಎಂದೆ ಮೆಲ್ಲಗೆ.

"ಮಳಿಗಾಲ ಸುರು ಆಗಿರ್ತದರಿ ಅಷ್ಟೊತ್ತಿಗೆ." ಅವಳು ಕೊಳದ ಕಡೆ ನೋಡುತ್ತಿದ್ದಳು. "ಇರಲಿ ಬಿಡ್ರಿ. ಮಕ್ಕಳು ಸಮುದ್ರ ನೋಡಿದ್ವಲ್ಲ, ಅಷ್ಟ ಸಾಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಲ್ಕಕ್ಕೆ ಸ್ವಲ್ಪ ಮುಂಚೆ ಕುದುರೆಗಾಡಿ ನೀರನ್ನು ಸೀಳುತ್ತ ಬಂತು. ಗಾಡಿಯವನಿಗೆ, ನಾಲ್ಕೂಕಾಲರೊಳಗೆ ದಂಡೆ ಮುಟ್ಟಿಸು, ಅಲ್ಲಿ ಇಳಿದು ನಾವು ಸ್ನಾನ ಮಾಡಬೇಕು ಎಂದೆ. ಅವನು ನಕ್ಕ. ಕುದುರೆ ನಗಲಿಲ್ಲ, ಆದರೆ ಅವಸರವನ್ನೂ ಮಾಡಲಿಲ್ಲ. ನಡು ಹಾದಿಗೆ ಬಂದಾಗ ನೀರು ಇನ್ನೂ ಸೊಂಟದವರೆಗೆ ಇತ್ತು. ದಂಡೆ ದೂರ. ಸಮಯವೆಷ್ಟೆಂದು ನೋಡಲು ನಾನು ಎದ್ದು ನಿಂತೆ.

ಚಲಿಸುವ ವಾಹನದಲ್ಲಿ ಎದ್ದು ನಿಲ್ಲಬಾರದೆಂದು ಇಪ್ಪತ್ತೊಂಬತ್ತು ವರ್ಷ ಹುಡುಗರಿಗೆ ಕಲಿಸಿದವನು ನಾನು.

ಗಾಲಿ ಕಲ್ಲಿನ ಮೇಲೆ ಏರಿತು. ನಾನು ಸಮುದ್ರಕ್ಕೆ ಇಳಿದೆ. ತಲೆ ಮೊದಲು, ಕಾಲು ಆಮೇಲೆ!

ಉಪ್ಪುನೀರು ಕುಡಿದು, ಕಣ್ಣು ತೆರೆದು, ಏಳುವಷ್ಟರಲ್ಲಿ ಪಕ್ಕದಲ್ಲಿ ಧಡ್ಡೆಂದು ಏನೋ ಬಿತ್ತು. ರಾಧಾಬಾಯಿ! ನನ್ನನ್ನು ಕಾಪಾಡಲು ಹಾರಿದಳಲ್ಲ ಎಂದು ನನ್ನ ಎದೆ ತುಂಬಿ ಬಂತು. ಅವಳು ನನ್ನ ಕೈಯನ್ನು ಉಡದ ಹಾಗೆ ಹಿಡಿದಳು.

"ಏಳಬ್ಯಾಡ್ರಿ! ಇನ್ನ ಎರಡು ಮುಳುಗು ಬಾಕಿ ಅವ!"

"ಏ, ಸಂಕಲ್ಪ ಹೇಳಬೇಕು—"

"ಅಮಾಸಿ ಇನ್ನೂ ಅದ, ರಾಹುಕಾಲ ಇಲ್ಲ, ಗಂಡ ನೀರಾಗ ಇದ್ದಾನ. ಇದಕಿಂತ ಸಂಕಲ್ಪ ಏನು ಬೇಕರಿ?"

"ನನ್ನ ಗಡಿಯಾರ!"

"ಅದಕ್ಕೂ ಪುಣ್ಯ ಬರ್ಲಿ. ಮುಳುಗ್ರಿ!"

ಗಾಡಿಯಲ್ಲಿ ಬಿದ್ದ ನನ್ನ ಸೀಟಿ ಗುಂಡುವಿನ ಬಾಯಿ ಸೇರಿತ್ತು. ಅವನು ಊದಿದ. ನಾವು ಮುಳುಗಿದೆವು. ಮತ್ತೆ ಊದಿದ. ಮತ್ತೆ ಮುಳುಗಿದೆವು. ನನ್ನ ಮೊದಲನೆಯದು ಬಿದ್ದದ್ದು, ಮುಳುಗಿದ್ದಲ್ಲವೆಂದು ಕುಸುಮ ಆಕ್ಷೇಪ ಎತ್ತಿದ್ದರಿಂದ ಮೂರನೆಯ ಸಲವೂ ಊದಿದ. ಆಮೇಲೆ ಶೀನು ಹಾರಿದ. ಅವನ ಹಿಂದೆ ಕುಸುಮ. ಗುಂಡುವನ್ನು ಗಾಡಿಯವನೇ ಕಂಕುಳಲ್ಲಿ ಹಿಡಿದು ಅದ್ದಿ ತೆಗೆದ. ಕುದುರೆ ತಾಳ್ಮೆಯಿಂದ ಕಾಯಿತು. ನೆನೆದ ಸೀರೆಯಲ್ಲಿ, ಮೋರೆಗೆ ಅಂಟಿದ ಬಿಳಿಗೂದಲಲ್ಲಿ, ರಾಧಾಬಾಯಿ ಆ ಏಳು ವರ್ಷದ ಮೊಮ್ಮಗಳಿಗಿಂತ ಹೆಚ್ಚು ಕಿರುಚಿ ನಗುತ್ತಿದ್ದಳು. ಇದು ಯಾವ ವೇಳಾಪತ್ರಿಕೆಯಲ್ಲಿಯೂ ಇರಲಿಲ್ಲ.

ಗಡಿಯಾರ ನಾಲ್ಕು ಗಂಟೆ ಏಳು ನಿಮಿಷಕ್ಕೆ ನಿಂತಿತ್ತು. ಅಮಾವಾಸ್ಯೆ ಮುಗಿಯಲು ಇನ್ನೂ ಎಂಟು ನಿಮಿಷ ಬಾಕಿ! ಸ್ನಾನ ಪರ್ವಕಾಲದಲ್ಲಿಯೇ ಆಯಿತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡವೆಂದು ರಾಧಾಬಾಯಿ ಅದನ್ನು ರಿಪೇರಿಗೆ ಕೊಡಲು ಇಂದಿಗೂ ಬಿಟ್ಟಿಲ್ಲ.

ಖಾನಾವಳಿಗೆ ಬಂದಾಗ ಒಣಗಿದ ಬಟ್ಟೆ ಒಂದೂ ಇರಲಿಲ್ಲ. ಗಂಟಿನಲ್ಲಿ ಉಳಿದದ್ದು ಒದ್ದೆ ಪಂಚೆ, ಒದ್ದೆ ಪಂಚಾಂಗ, ನಾಯಿಗಳ ಹೆಜ್ಜೆ. ಕಾಕೂ ಮಕ್ಕಳಿಗೆ ಟವೆಲು ಕೊಟ್ಟರು, ಹೆಂಡತಿಗೆ ಸೀರೆ ಕೊಟ್ಟರು. ವಿಧವೆಯ ಮನೆ, ಗಂಡಸರ ಧೋತರ ಇಲ್ಲ. ನನಗೂ ಸೀರೆಯನ್ನೇ ಕೊಟ್ಟರು. ಒಂಬತ್ತು ಗಜ. ಅವರ ಮಗಳು ಬಿಟ್ಟು ಹೋದದ್ದು. ಗಿಳಿಹಸಿರು!

ಬೆಳಿಗ್ಗೆ ಸೀಟಿಗೆ ಎಚ್ಚರಗೊಂಡಿದ್ದ ಪಕ್ಕದ ಕೋಣೆಯ ಪ್ರವಾಸಿಗಳು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಎತ್ತರದ ಕ್ರಮದಲ್ಲಿಯೇ ಬಂದರೆಂದು ನನ್ನ ನೆನಪು.

ಸಂಜೆ ಆರೂವರೆ. ಐವರ ಬಟ್ಟೆಗಳನ್ನೂ ಸಿಹಿನೀರಿನಲ್ಲಿ ಜಾಲಿಸಿ ಹಗ್ಗಕ್ಕೆ ಹಾಕುವ ಕೆಲಸ ನನಗೆ ವಹಿಸಲಾಗಿತ್ತು. ಮುಗಿಸಿದೆ. ಅಷ್ಟರಲ್ಲಿ ಕುಸುಮ ಒಂದು ಹಾಳೆ ತಂದಳು. ಮರುದಿನದ ವೇಳಾಪತ್ರಿಕೆ. ಅಜ್ಜಿ ಹೇಳಿದ್ದು, ತಾನು ಬರೆದದ್ದು ಎಂದಳು.

ಪಾಡ್ಯವಾದ್ದರಿಂದ ನೀರನ್ನು ಮುಟ್ಟುವಂತಿಲ್ಲ. ದಿನವಿಡೀ ಮರಳಿನಲ್ಲಿ ಆಟ. ಎಷ್ಟು ಹೊತ್ತಿಗೆ ಹೋಗುವುದು, ಎಷ್ಟು ಹೊತ್ತಿಗೆ ಬರುವುದು: ಬೆಸ್ತರನ್ನು ಕೇಳಿ. ಚಿಪ್ಪು: ಬೇಕಾದಷ್ಟು. ಸೀಟಿ: ಗುಂಡುವಿನ ಹತ್ತಿರ. ಅಜ್ಜ: ಯಾರಾದರೊಬ್ಬರು ಕೈ ಹಿಡಿದುಕೊಂಡಿರಬೇಕು.

"ಕೆಳಗ ಸಹಿ ಮಾಡ್ರಿ ಅಜ್ಜಾ. ಇಲ್ಲಾಂದ್ರ ಇದು ಖರೇ ಆಗೂದಿಲ್ಲಂತ."

ಹೊರಗೆ ಸಮುದ್ರ ಮತ್ತೆ ಎಲ್ಲಿಗೋ ಹೊರಟುಹೋಗಿತ್ತು. ನಾನು ಜಾರುತ್ತಿದ್ದ ಗಿಳಿಹಸಿರು ಸೆರಗನ್ನು ಸರಿಯಾಗಿ ಹೊದ್ದುಕೊಂಡು, ಪೆನ್ಸಿಲು ತೆಗೆದುಕೊಂಡು, ಸಹಿ ಮಾಡಿದೆ.