ಪಾಂಗನ ಮನೆಯ ಏಳು ತೂತು

ಗೋಡೆಗೆ ಸುಣ್ಣ ಬಳಿದದ್ದೇ ಪಾಂಗ್ ಗುಯಿಶಾನನ ತಪ್ಪು. ಆದರೆ ಹೆಬೆ ಪ್ರಾಂತ್ಯದ ನಮ್ಮೂರಲ್ಲಿ ದೊಡ್ಡವರು ಮನೆಗೆ ಬರ್ತಾರೆ ಅಂದರೆ ಯಾರು ತಾನೇ ಬಳಿಯೋದಿಲ್ಲ? ತಲೆಬಾಗಿಲು ದಾಟಿದ ಕೂಡಲೇ ಎದುರಾಗುವ ಅಡ್ಡಗೋಡೆ ಮನೆಯ ಮುಖವಿದ್ದ ಹಾಗೆ. ಮುಖ ತೊಳೆಯದೆ ಅತಿಥಿಗಳ ಮುಂದೆ ನಿಲ್ಲೋದುಂಟೆ?

ಮನೆ ಅಂದರೆ ಅದಪ್ಪ ಮನೆ. ನಡುವೆ ಅಂಗಳ, ನಾಲ್ಕೂ ಕಡೆ ಬೂದು ಇಟ್ಟಿಗೆಯ ಕೋಣೆಗಳು, ಕಿಟಕಿಗಳಿಗೆ ಕೆತ್ತನೆಯ ಮರದ ಜಾಲರಿ, ಮೂಲೆಯಲ್ಲೊಂದು ದಾಳಿಂಬೆ ಗಿಡ. ಮುತ್ತಜ್ಜ ಕಟ್ಟಿಸಿದ್ದು. ಆ ಅಂಗಳದಲ್ಲಿ ನಿಂತಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಕೊರತೆ ಒಂದೇ. ಮಲಗುವ ಕೋಣೆಯ ತೊಲೆ ಬಿರುಕುಬಿಟ್ಟು ಸೂರು ಜಗ್ಗಿ ಸೋರುತ್ತಿತ್ತು. ಮಳೆ ಬಂದರೆ ಗುಯಿಶಾನನೂ ಹೆಂಡತಿ ಕಾಯ್‌ಫೆಂಗೂ ನಡುವೆ ಬಕೆಟ್ಟು ಇಟ್ಟುಕೊಂಡು ಮಲಗಬೇಕು. ಮನೆ ಸರ್ಕಾರದ ರಕ್ಷಿತ ಪಟ್ಟಿಗೆ ಸೇರಿದರೆ ರಿಪೇರಿ ಅವರದೇ. ಅದಕ್ಕೆಂದೇ ಜಿಲ್ಲೆಯ ಅಧಿಕಾರಿ ಲು ಮೇಡಂ ಮಧ್ಯಾಹ್ನ ಬರುವವರಿದ್ದರು.

ಪಕ್ಕದ ಮನೆಯ ಡಿಂಗ್ ಅತ್ತಿಗೆ ಇಣುಕಿದಳು.

"ಗುಂಡಿನ ತೂತೆಲ್ಲಿ ಗುಯಿಶಾನ್?"

"ಮುಚ್ಚಿದೆ. ಲಕ್ಷಣವಾಗಿದೆ ಅಲ್ವಾ?"

"ನಿನ್ನ ತಲೆ. ಜಪಾನಿನವರು ಹೊಡೆದ ಆ ಏಳು ತೂತು ನೋಡೋಕೇ ಅಲ್ವೇನಪ್ಪ ಮೇಡಂ ಬರ್ತಿರೋದು?"

ಗುಯಿಶಾನ ಒಳಗೆ ಓಡಿದ. ಉಳಿ ಸುತ್ತಿಗೆ ತಂದ. ಗೋಡೆ ಆವಿಯಲ್ಲಿ ಬೆಂದ ಬನ್ನಿನಂತೆ ನುಣ್ಣಗೆ, ಬೆಳ್ಳಗೆ ನಿಂತಿತ್ತು. ಎಲ್ಲಿ ಕೊರೆಯೋದು? ಅಷ್ಟರಲ್ಲಿ ಎದುರುಮನೆಯ ಕೌ ಅಜ್ಜ ತನ್ನ ಸ್ಟೂಲು ಹೊತ್ತುಕೊಂಡೇ ಬಂದ.

"ಆಗ ನನಗೆ ಆರು ವರ್ಷ. ಕಣ್ಣಾರೆ ಕಂಡೋನು ನಾನು. ಇಲ್ಲಿ ಹೊಡಿ."

"ಅಜ್ಜ ಆವತ್ತು ಕಣಜದೊಳಗೆ ಅವಿತುಕೊಂಡಿದ್ರಂತೆ, ಅದೇನು ಕಂಡ್ರೋ," ಅಂದಳು ಅತ್ತಿಗೆ. "ಸ್ವಲ್ಪ ಎಡಕ್ಕೆ ಹೊಡಿ ನೀನು."

ಯಾರನ್ನೂ ನೋಯಿಸಬಾರದೆಂದು ಗುಯಿಶಾನ ಎರಡೂ ಕಡೆ ಹೊಡೆದ. ಕಾರು ಬಂದು ನಿಲ್ಲುವ ಹೊತ್ತಿಗೆ ತೂತುಗಳು ಹನ್ನೊಂದಾಗಿದ್ದವು.

ಲು ಮೇಡಂ ಒಂದರೊಳಗೆ ಬೆರಳಿಟ್ಟರು. "ಯುದ್ಧ ಆಗಿ ಎಷ್ಟು ವರ್ಷ ಆಯ್ತು?"

"ಎಂಬತ್ತರ ಮೇಲಾಯ್ತು ಮೇಡಂ."

"ಸುಣ್ಣ ಇನ್ನೂ ಹಸಿ ಇದೆಯಲ್ಲ."

ಗುಯಿಶಾನ ತಲೆತಗ್ಗಿಸಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಮೇಡಂ ಬೈಯಲಿಲ್ಲ. ಕಾಯ್‌ಫೆಂಗ್ ಕೊಟ್ಟ ಚಹಾ ಕುಡಿದು, ಕಿಟಕಿಯ ಕೆತ್ತನೆ ಸವರುತ್ತಾ ಮಲಗುವ ಕೋಣೆಗೆ ಬಂದವರು ತಲೆ ಎತ್ತಿ ನಿಂತೇಬಿಟ್ಟರು. ಚಪ್ಪಲಿ ಕಳಚಿ ಇಟ್ಟಿಗೆಯಲ್ಲಿ ಕಟ್ಟಿದ ಮಂಚ ಹತ್ತಿ, ತೊಲೆಯ ಬಿರುಕಿಗೆ ಟಾರ್ಚು ಬಿಟ್ಟರು. ಒಳಗೆ ಅಂಗೈಯಗಲದ ತುಕ್ಕು ಹಿಡಿದ ಕಬ್ಬಿಣ.

"ಫಿರಂಗಿ ಗುಂಡಿನ ಚೂರು. ಸೂರು ಸೀಳಿ ಬಂದು ಇಲ್ಲಿ ಸಿಕ್ಕಿಕೊಂಡಿದೆ. ಇಷ್ಟು ವರ್ಷ ಈ ತೊಲೆ ಇದನ್ನ ಹಿಡಿದುಕೊಂಡೇ ನಿಂತಿದೆಯಲ್ಲ."

ಹಿಂದೆಯೇ ಸ್ಟೂಲು ಹೊತ್ತು ಬಂದಿದ್ದ ಅಜ್ಜ ತೊಲೆಯತ್ತ ನೋಡಿದ. "ಆ ಸದ್ದು ಕಣಜದೊಳಗೂ ಕೇಳಿಸಿತ್ತು," ಅಂದ ಕೌ ಅಜ್ಜ. ಈ ಸಲ ಅತ್ತಿಗೆ ಅವನ ಕೈಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ಈ ಮನೆ ಪಟ್ಟಿಗೆ ಸೇರಿದ ಹಾಗೇ," ಅಂದರು ಮೇಡಂ.

ಗುಯಿಶಾನನ ಕಣ್ಣು ತುಂಬಿ ಬಂತು. "ಹಾಗಾದ್ರೆ ತೊಲೆ ಯಾವಾಗ ಬದಲಾಯಿಸ್ತೀರಿ?"

"ಬದಲಾಯಿಸೋದಾ? ನೋಡಬೇಕಾದ್ದೇ ಇದು. ಪ್ರಾಂತ್ಯದ ತಜ್ಞರು ಬರೋವರೆಗೆ ಒಂದು ಹೆಂಚೂ ಅಲುಗಾಡಬಾರದು."

"ಅವರು ಯಾವಾಗ ಬರ್ತಾರೆ?"

"ನಿಮಗಿಂತ ಮುಂಚೆ ಸೇರಿದ ಮನೆಗಳು ಮುಗೀಲಿ. ಅಲ್ಲೀವರೆಗೆ ಆ ಅಡ್ಡಗೋಡೆಗೆ ಚೆನ್ನಾಗಿ ಸುಣ್ಣ ಹೊಡೆಸಿಬಿಡ್ತೀವಿ."

ವಾರದೊಳಗೆ ತಲೆಬಾಗಿಲಿಗೆ ಕಲ್ಲಿನ ಫಲಕ ಬಂತು. ಊರೆಲ್ಲ ಬಂದು ನೋಡಿ ಹೊಗಳಿತು. ಸಂಜೆ ಮಳೆಯೂ ಬಂತು. ಕಾಯ್‌ಫೆಂಗ್ ಬಕೆಟ್ಟು ತಂದು ಹಾಸಿಗೆಯ ನಡುವೆ ಇಟ್ಟಳು.